ಚಿಕ್ಕ ಮಕ್ಕಳ ಜೊತೆ ಹೊರಗೆ ಹೋದಾಗ ಕಸ ಕಡಿಮೆ ಮಾಡೋದು ಹೇಗೆ?

ಮನೆಯಲ್ಲಿ ಹಸಿ ಕಸ, ಒಣ ಕಸ ಅಂತ ಶಿಸ್ತಾಗಿ ಬೇರೆ ಮಾಡುವವರೇ ಆಗಿರಲಿ, ಮಕ್ಕಳನ್ನು ಕರೆದುಕೊಂಡು ಲಾಲ್‌ಬಾಗಿಗೋ ಮೈಸೂರು ಝೂಗೋ ಹೋಗಿ ಬಂದ ದಿನ ಬ್ಯಾಗ್ ಬಿಚ್ಚಿದರೆ ಅರ್ಧ ಕುಡಿದ ನೀರಿನ ಬಾಟಲಿ, ಜ್ಯೂಸಿನ ಡಬ್ಬ, ಚಿಪ್ಸ್ ಕವರು, ಮುದ್ದೆಯಾದ ವೈಪ್ಸ್ ಎಲ್ಲ ಆಚೆ ಬರುತ್ತವೆ. ಯಾರೂ ಬೇಕು ಅಂತ ಮಾಡೋದಲ್ಲ. ಎರಡು ವರ್ಷದ ಮಗು ಹಸಿವಾಗಿ ಅಳೋಕೆ ಶುರು ಮಾಡಿದರೆ ಎದುರಿಗೆ ಕಂಡ ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಡಿಸುತ್ತೇವೆ, ಅಷ್ಟೇ. ಆ ಹೊತ್ತಲ್ಲಿ ಯೋಚನೆ ಮಾಡೋಕೆ ಆಗಲ್ಲ. ಯೋಚನೆ ಏನಿದ್ದರೂ ಹೊರಡುವ ಮುಂಚೆ, ಅಡುಗೆಮನೆಯಲ್ಲೇ ಮುಗಿಯಬೇಕು. ಹಸಿವು, ಬಾಯಾರಿಕೆ, ಒದ್ದೆ: ಮಕ್ಕಳ ತುರ್ತು ಇಷ್ಟೇ. ಇದಕ್ಕೆ ಬೇಕಾದ್ದು ಬ್ಯಾಗಲ್ಲಿ ಇದ್ದರೆ ಹೆಚ್ಚಿನ ಕಸ ಹುಟ್ಟೋದೇ ಇಲ್ಲ.

ನೀರಿನದು ಸುಲಭ. ಮಗುವಿಗೆ ಅದರ ಕೈಗೆ ಹಿಡಿಯುವಷ್ಟು ಚಿಕ್ಕ ಸ್ಟೀಲ್ ಬಾಟಲಿ, ದೊಡ್ಡವರಿಗೆ ಒಂದು ಲೀಟರಿನದು. ಖಾಲಿಯಾದರೆ ಯಾವ ದರ್ಶಿನಿಗೆ ಹೋದರೂ ತುಂಬಿಸಿಕೊಳ್ಳಬಹುದು. ಮಗುವಿಗೆ ಅಂತ ಹೇಳಿ ಬಿಸಿನೀರು ಕೇಳಿ, ಸಾಮಾನ್ಯವಾಗಿ ಯಾರೂ ಇಲ್ಲ ಅನ್ನಲ್ಲ. ಊರ ಕಡೆ ಹೋದರೆ ತುಂಬಾ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಇದೆ, ನಾಣ್ಯ ಹಾಕಿದರೆ ನೀರು ಬರುತ್ತದೆ, ಆದರೆ ಪಾತ್ರೆ ನಿಮ್ಮದೇ ಇರಬೇಕು. ಕಾರಲ್ಲಿ ಹೋಗೋದಾದರೆ ಐದು ಲೀಟರಿನ ಒಂದು ಕ್ಯಾನು ಡಿಕ್ಕಿಯಲ್ಲಿ ಇಟ್ಟುಬಿಡಿ. ಕೈ ತೊಳೆಯೋಕೂ ಆಗುತ್ತದೆ.

ಜಾಸ್ತಿ ಕಸ ಆಗೋದು ತಿಂಡಿಯಲ್ಲಿ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಕವರುಗಳು ಬೇರೆ ಬೇರೆ ಪದರ ಅಂಟಿಸಿ ಮಾಡಿದವು. ಆ ಪದರಗಳನ್ನು ಬಿಡಿಸೋಕೆ ಆಗಲ್ಲ, ಹಾಗಾಗಿ ಗುಜರಿಯವರು ಅದನ್ನು ಮುಟ್ಟೋದೇ ಇಲ್ಲ. ಜ್ಯೂಸಿನ ಟೆಟ್ರಾ ಪ್ಯಾಕಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಇವೆ. ಇದರ ಬದಲು ಒಂದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ತುಪ್ಪ ಬೆಲ್ಲ ಸವರಿ ಸುತ್ತಿದ ಚಪಾತಿ, ಒಗ್ಗರಣೆ ಅವಲಕ್ಕಿ, ಸಣ್ಣ ಇಡ್ಲಿ, ಏಲಕ್ಕಿ ಬಾಳೆಹಣ್ಣು. ಮೊಸರನ್ನ ಒಯ್ಯುವುದಾದರೆ ಅನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದೇ ಚಮಚ ಹಾಕಿ ಕಲಸಿ, ಮಧ್ಯಾಹ್ನದ ಹೊತ್ತಿಗೆ ಹುಳಿಯಾಗದೆ ಹದವಾಗಿರುತ್ತದೆ. ಇನ್ನೂ ಹಲ್ಲು ಸರಿಯಾಗಿ ಬರದ ಮಗುವಿಗೆ ರಾಗಿ ಹುರಿಹಿಟ್ಟು ಒಂದು ಪುಟ್ಟ ಡಬ್ಬಿಯಲ್ಲಿ, ಬಿಸಿನೀರು ಫ್ಲಾಸ್ಕಲ್ಲಿ, ಅಲ್ಲೇ ಕಲಸಿ ತಿನ್ನಿಸಬಹುದು. ಕುರುಕಲು ಬೇಕು ಅನ್ನೋ ಮಕ್ಕಳಿಗೆ ಇಡೀ ಕಡಲೆಬೀಜ, ಹುರಿಗಡಲೆ ಕೊಡಬೇಡಿ, ನಾಲ್ಕೈದು ವರ್ಷದ ಒಳಗಿನವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಅದನ್ನೇ ಪುಡಿ ಮಾಡಿ ತಂಬಿಟ್ಟು ಕಟ್ಟಿ ಕೊಟ್ಟರೆ ಖುಷಿಯಾಗಿ ತಿನ್ನುತ್ತಾರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹೋಗುವಾಗಿನ ಹಸಿವಿಗೆ ಮಾತ್ರ ಕಟ್ಟಿಕೊಂಡು ಹೋದರೆ ಸಾಲದು. ಕವರಿನ ತಿಂಡಿ ಬ್ಯಾಗಿಗೆ ಬರೋದು ವಾಪಸ್ ಬರುವಾಗ, ಎಲ್ಲರೂ ಸುಸ್ತಾಗಿ, ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು, ಮಗು ಒಂದೇ ಸಮ ರಚ್ಚೆ ಹಿಡಿದಾಗ. ಆ ಹೊತ್ತಿಗೆ ಅಂತ ಇನ್ನೊಂದು ಪುಟ್ಟ ಡಬ್ಬಿ ಬೇರೆಯೇ ಇರಲಿ, ಅದನ್ನು ಮೊದಲೇ ತೆಗೆಯಬೇಡಿ.

ಹಾಗಂತ ಹೊರಗೆ ಏನೂ ಕೊಡಿಸಬಾರದು ಅಂತಲ್ಲ. ಮಕ್ಕಳಿಗೆ ಪಾರ್ಕಿನ ಮಜಾ ಅರ್ಧ ಇರೋದು ತಿನ್ನೋದರಲ್ಲೇ ಅಲ್ವಾ. ಸುಟ್ಟ ಜೋಳ ಅದರ ಸಿಪ್ಪೆಯಲ್ಲೇ ಕೊಡುತ್ತಾರೆ. ಐಸ್‌ಕ್ರೀಮ್ ಆದರೆ ಕಪ್ ಬೇಡ, ಕೋನ್ ಕೊಡಿಸಿ. ಜ್ಯೂಸ್ ಅಂಗಡಿಯಲ್ಲಿ ಗಾಜಿನ ಲೋಟದಲ್ಲೇ ಕುಡಿಸಿ. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು ಎಳನೀರು. ಅಂಗಡಿಯವರು ಮಚ್ಚು ಎತ್ತುವಾಗಲೇ "ಅಣ್ಣ, ಸ್ಟ್ರಾ ಬೇಡ, ಲೋಟಕ್ಕೆ ಬಗ್ಗಿಸಿ, ಗಂಜಿ ಇರೋದು ಕೊಡಿ" ಅಂತ ನಿಮ್ಮ ಸ್ಟೀಲ್ ಲೋಟ ಮುಂದೆ ಹಿಡಿಯಿರಿ. ಮಗು ಲೋಟದಲ್ಲಿ ಕುಡಿಯುವಷ್ಟರಲ್ಲಿ ಅವರು ಬುರುಡೆಯನ್ನು ಎರಡು ಹೋಳು ಮಾಡಿ, ಪಕ್ಕದಿಂದ ಒಂದು ಚೂರು ಸಿಪ್ಪೆ ಕೆತ್ತಿ ಕೊಡುತ್ತಾರೆ, ಅದರಲ್ಲೇ ಗಂಜಿ ಕೆರೆದು ತಿನ್ನಬಹುದು. ಬುರುಡೆ ಅಲ್ಲೇ ರಾಶಿಗೆ ಹೋಗುತ್ತದೆ. ನೀವು ಮನೆಗೆ ತರೋದು ಒಂದು ಖಾಲಿ ಲೋಟ.

ಮೊದಲೇ ಹೇಳೋದು ತುಂಬಾ ಮುಖ್ಯ. ಅಂಗಡಿಯವರ ಕೈ ಕವರಿಗೆ ಹೋದಮೇಲೆ ಬೇಡ ಅಂದರೆ ಅದನ್ನು ಅವರು ಪಕ್ಕಕ್ಕೆ ಎಸೆದರೂ ಎಸೆದರು. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ನಿಷೇಧ ಆಗಿದೆ, 2022ರ ಜುಲೈ 1ರಿಂದ ದೇಶದಲ್ಲೆಲ್ಲ ಪ್ಲಾಸ್ಟಿಕ್ ಸ್ಟ್ರಾ, ಚಮಚ, ಲೋಟ ನಿಂತಿರಬೇಕಿತ್ತು. ಆದರೂ ಕೈಗೆ ಬರುತ್ತಲೇ ಇದೆ, ಹಾಗಾಗಿ ನಾವೇ ಬಾಯಿಬಿಟ್ಟು ಹೇಳಬೇಕು. ಪೇಪರ್ ಕಪ್ ಪರವಾಗಿಲ್ಲ ಅಂದುಕೊಳ್ಳಬೇಡಿ, ಒಳಗಡೆ ತೆಳುವಾದ ಪ್ಲಾಸ್ಟಿಕ್ ಲೇಪ ಇರುತ್ತದೆ. ಮೈಸೂರು ರೈಲಲ್ಲಿ ಮದ್ದೂರು ವಡೆ ಬಂದರೆ ನಿಮ್ಮ ಡಬ್ಬಿಯ ಮುಚ್ಚಳ ಚಾಚಿ, ಅದರ ಮೇಲೇ ಇಡಿಸಿಕೊಳ್ಳಿ. ಎಣ್ಣೆ ತಿಂಡಿಗೆ ಹಳೇ ಪೇಪರಿನ ಶಾಯಿ ಅಂಟುತ್ತದೆ, ಆಹಾರವನ್ನು ನ್ಯೂಸ್‌ಪೇಪರಲ್ಲಿ ಕಟ್ಟಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ.

ಇನ್ನು ಒದ್ದೆ ವಿಷಯ. ಬಹಳಷ್ಟು ವೈಪ್ಸ್‌ಗಳಲ್ಲಿ ಪಾಲಿಯೆಸ್ಟರ್ ನೂಲು ಇರುತ್ತದೆ, ನೋಡೋಕೆ ಕಾಗದದ ಹಾಗಿದ್ದರೂ ಕರಗೋದಿಲ್ಲ. ಹಳೇ ಪಂಚೆ ಅಥವಾ ಕಾಟನ್ ಸೀರೆಯನ್ನು ಅಂಗೈ ಎರಡರಷ್ಟು ಚೌಕ ಚೌಕವಾಗಿ ಕತ್ತರಿಸಿ, ಅಂಚು ಹೊಲಿದು ಹತ್ತು ಹನ್ನೆರಡು ಇಟ್ಟುಕೊಳ್ಳಿ. ಮನೆಯಿಂದಲೇ ಒದ್ದೆ ಮಾಡಿ ಒಯ್ಯಬೇಡಿ, ಮುಗ್ಗುಲು ವಾಸನೆ ಬರುತ್ತದೆ. ಬೇಕಾದಾಗ ಬಾಟಲಿಯ ನೀರು ಬಟ್ಟೆಯ ಒಂದು ಮೂಲೆಗೆ ಹಾಕಿ ಮೊದಲು ಬಾಯಿ ಒರೆಸಿ, ಆಮೇಲೆ ಕೈ, ಕೊನೆಗೆ ಒಣಗಿದ ಭಾಗದಿಂದ ಇನ್ನೊಂದು ಸಲ ಒರೆಸಿ. ಕೊಳೆಯಾದವಕ್ಕೆ ಅಂತ ನೀರು ಸೋರದ ಜಿಪ್ ಚೀಲ ಒಂದು ಬೇರೆ ಇರಲಿ, ಹಳೇ ರೈನ್‌ಕೋಟಿನ ಬಟ್ಟೆಯಲ್ಲಿ ಟೈಲರ್ ಹೊಲಿದುಕೊಡುತ್ತಾರೆ.

ಡೈಪರ್ ಬಗ್ಗೆ ಅಮ್ಮಂದಿರನ್ನು ಬೈಯುವವರ ಜೊತೆ ನಾನಿಲ್ಲ. ಹತ್ತಿರದ ಪಾರ್ಕಿಗೋ ನೆಂಟರ ಮನೆಗೋ ಎರಡು ಗಂಟೆಗೆ ಹೋಗೋದಾದರೆ ಬಟ್ಟೆ ಲಂಗೋಟಿ, ಮೇಲೊಂದು ನೀರು ಸೋರದ ಚಡ್ಡಿ ಸಾಕು. ರಾತ್ರಿ ಬಸ್ಸಲ್ಲಿ ಹುಬ್ಬಳ್ಳಿಗೆ ಹೋಗುತ್ತಿದ್ದರೆ ಅಂಗಡಿ ಡೈಪರೇ ಹಾಕಿ, ಮಗು ನಿದ್ದೆ ಮಾಡಲಿ, ನೀವೂ ಮಾಡಿ. ಆದರೆ ಅದನ್ನು ಹೇಗೆ ಬಿಸಾಡುತ್ತೀರಿ ಅನ್ನೋದು ನಿಮ್ಮ ಕೈಯಲ್ಲೇ ಇದೆ. ಒಳಗಿನ ಕಕ್ಕವನ್ನು ಟಾಯ್ಲೆಟ್ಟಿಗೆ ಹಾಕಿ, ಡೈಪರನ್ನು ಒಳಮುಖವಾಗಿ ಸುರುಳಿ ಸುತ್ತಿ, ಪೇಪರಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಹಾಕಿ. ಬೆಂಗಳೂರಲ್ಲಿ ಇದು ಹೋಗಬೇಕಾದ್ದು ಕೆಂಪು ಬುಟ್ಟಿಗೆ. ಹೋಟೆಲಿನ ಕಮೋಡಿಗೆ, ರಸ್ತೆ ಬದಿಯ ಪೊದೆಗೆ ದಯವಿಟ್ಟು ಬೇಡ. ನಾವು ಎಸೆದ ಡೈಪರನ್ನು ಬೆಳಗ್ಗೆ ಪೌರಕಾರ್ಮಿಕರೊಬ್ಬರು ಕೈಯಾರೆ ಬಿಡಿಸಿ ಬೇರೆ ಮಾಡಬೇಕಾಗುತ್ತದೆ. ಅದನ್ನು ನೆನೆಸಿಕೊಂಡರೇ ಸಂಕಟ ಆಗುತ್ತದೆ.

ಮೂರು ನಾಲ್ಕು ವರ್ಷ ಆದ ಮಕ್ಕಳಿಗೆ ಅವರದೇ ಪುಟ್ಟ ಬ್ಯಾಗ್ ಕೊಡಿ. ಅವರ ಲೋಟ, ಅವರ ಬಾಟಲಿ, ಮನೆಯ ಒಂದು ಆಟಿಕೆ. ಗೇಟಿನ ಹತ್ತಿರ ಮಾರುವ ಪೀಪಿ, ಬಲೂನಿನ ಹಟ ಪೂರ್ತಿ ಹೋಗಲ್ಲ, ಆದರೆ ಕೈಯಲ್ಲಿ ಒಂದು ಚೆಂಡು ಇದ್ದರೆ ಕಡಿಮೆ ಆಗುತ್ತದೆ.

ಅಜ್ಜಿ ತಾತ ಜೊತೆಗಿದ್ದರೆ ಪ್ರೀತಿಗೆ ಚಿಪ್ಸ್ ಕೊಡಿಸಿಯೇ ಕೊಡಿಸುತ್ತಾರೆ. ಅಲ್ಲಿ ಪ್ಲಾಸ್ಟಿಕ್ ಪಾಠ ಹೇಳೋಕೆ ಹೋಗಬೇಡಿ. ಹಿಂದಿನ ದಿನವೇ "ಅತ್ತೆ, ನಾಳೆಗೆ ನಿಮ್ಮ ಕೈಯಲ್ಲೇ ಸ್ವಲ್ಪ ಕೋಡುಬಳೆ ಆಗಲಿ, ಖಾರ ಕಡಿಮೆ ಹಾಕಿ" ಅಂದುಬಿಡಿ. ಮೊಮ್ಮಗುವಿಗೆ ಕೊಡೋಕೆ ಅವರ ಕೈಯಲ್ಲಿ ಅವರದೇ ತಿಂಡಿ ಇರುತ್ತದೆ.

ಮನೆಗೆ ಬಂದ ರಾತ್ರಿಯೇ ಬ್ಯಾಗ್ ಖಾಲಿ ಮಾಡಿ, ಎಷ್ಟೇ ಸುಸ್ತಾಗಿದ್ದರೂ. ಬಟ್ಟೆಗಳು ನೆನೆಯೋಕೆ, ಹಣ್ಣಿನ ಸಿಪ್ಪೆ ಹಸಿ ಕಸಕ್ಕೆ, ತಪ್ಪಿಸೋಕೆ ಆಗದೆ ಬಂದ ಮಜ್ಜಿಗೆ ಪ್ಯಾಕೆಟ್ ತೊಳೆದು ಒಣ ಕಸಕ್ಕೆ. ಬೆಳಗ್ಗೆ ಒಣಗಿದ ಲೋಟ, ಚಮಚ, ಬಟ್ಟೆ ಚೌಕ, ಮಡಚಿದ ಕೈಚೀಲ ವಾಪಸ್ ಅದೇ ಬ್ಯಾಗಿಗೆ ಹಾಕಿ ಬಾಗಿಲ ಹಿಂದೆ ನೇತುಹಾಕಿ. ಮುಂದಿನ ಸಲ ನೀರು, ತಿಂಡಿ ತುಂಬಿಕೊಂಡು ಹೊರಟರಾಯಿತು.