ಮದುವೆ ಕೇಕಿಗೆ ನಾನೇ ಮಾಡಿಸಿದ ಸ್ಟ್ಯಾಂಡ್

ಮಂಗಳೂರಿನ ಕ್ರೈಸ್ತರ ಮದುವೆಗಳಲ್ಲಿ ಈಗ ಕ್ರೀಮ್ ಕೇಕ್ ಬಂದಿದೆ. ಆದರೂ ಹಣ್ಣಿನ ಕೇಕೇ ಆಗಬೇಕು ಅನ್ನುವ ಮನೆಗಳು ಇನ್ನೂ ಇವೆ. ರಮ್ಮಿನಲ್ಲಿ ನೆನೆಸಿದ ಒಣದ್ರಾಕ್ಷಿ, ಅದರ ಮೇಲೆ ಮಾರ್ಜಿಪಾನ್ ಅನ್ನುವ ಬಾದಾಮಿ-ಸಕ್ಕರೆಯ ಪದರ, ಅದರ ಮೇಲೆ ಗಟ್ಟಿ ಬಿಳಿ ಐಸಿಂಗ್. ಈಸ್ಟರ್ ಕಳೆದ ಮೇಲಿನ ಮದುವೆಗಳಲ್ಲಿ, ಮೇ ತಿಂಗಳ ಸೆಕೆಯಲ್ಲೂ ಇದು ಕರಗದೆ ನಿಲ್ಲುತ್ತದೆ. ಒಂದೇ ತೊಂದರೆ ಅಂದರೆ ತೂಕ. 12, 9, 6 ಇಂಚಿನ ಮೂರು ಅಂತಸ್ತು, ಒಂದೊಂದೂ 3 ಇಂಚು ಎತ್ತರ ಅಂತ ಇಟ್ಟುಕೊಂಡರೆ ಐಸಿಂಗ್ ಸೇರಿ 12-13 ಕಿಲೋ ಆಗುತ್ತದೆ.

ನಾನು ಮನೆಯಲ್ಲೇ ಕೇಕ್ ಮಾಡಿ ಕೊಡುವವಳು. ಇಂಥ ಆರ್ಡರ್ ಬಂದಾಗ ಕೇಕಿನ ಬಗ್ಗೆ ಧೈರ್ಯ ಇತ್ತು, ಇಡುವುದು ಯಾವುದರ ಮೇಲೆ ಅನ್ನುವುದೇ ಚಿಂತೆ. ಅಂಗಡಿಯಲ್ಲಿ ಸಿಗುವ ಗಾಜಿನ, ಪಿಂಗಾಣಿಯ ಸ್ಟ್ಯಾಂಡ್ ನೋಡಿದೆ. ಚೆಂದ ಇವೆ, ಆದರೆ ಅರ್ಧ ಕಿಲೋ ಕೇಕಿಗೆ ಸರಿ. ತಟ್ಟೆ ಅಗಲ, ಕಾಲು ಸಣ್ಣ.

ಸಣ್ಣ ಕಾಲು ಯಾಕೆ ಬೇಡ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಮದುಮಗ, ಮದುಮಗಳು ಇಬ್ಬರೂ ಕೈ ಸೇರಿಸಿ ಚಾಕು ಒತ್ತುವುದು ಕೆಳಗಿನ ಅಂತಸ್ತಿನ ಅಂಚಿನಲ್ಲಿ, ಅಂದರೆ ನಡುವಿನಿಂದ 6 ಇಂಚು ದೂರದಲ್ಲಿ. ಸ್ಟ್ಯಾಂಡಿನ ಪಾದ 5 ಇಂಚು ಅಗಲ ಇದ್ದರೆ ಅದರ ಅಂಚು ನಡುವಿನಿಂದ ಎರಡೂವರೆ ಇಂಚಿಗೇ ಮುಗಿಯುತ್ತದೆ. ಒತ್ತಡ ಬೀಳುವುದು ಅದಕ್ಕಿಂತ ಮೂರೂವರೆ ಇಂಚು ಆಚೆ. 13 ಕಿಲೋ ಕೇಕನ್ನು ವಾಲಿಸಲು ಅಲ್ಲಿ ಸುಮಾರು 9 ಕಿಲೋ ಭಾರ ಸಾಕು. ಗಟ್ಟಿ ಐಸಿಂಗ್ ಒಡೆಯಲು ಇಬ್ಬರು ಬಗ್ಗಿ ಒತ್ತಿದರೆ ಅಷ್ಟು ಭಾರ ಸುಲಭವಾಗಿ ಬೀಳುತ್ತದೆ ಅಲ್ವಾ? ಅದೇ ಪಾದ 10 ಇಂಚು ಇದ್ದರೆ 60 ಕಿಲೋಗಿಂತ ಜಾಸ್ತಿ ಬೇಕು. ಅಷ್ಟು ಒತ್ತಬೇಕಾದರೆ ಯಾರಾದರೂ ಕೇಕಿನ ಮೇಲೇ ಕೂರಬೇಕು.

ಹಾಗಾಗಿ ನನ್ನ ಮಟ್ಟಿಗೆ ಪಾದ ಅಗಲ ಇರಬೇಕು, ಎತ್ತರ ಕಡಿಮೆ ಇರಬೇಕು. ಹಾಲ್‌ನವರು ಕೊಡುವ ಟೇಬಲ್ಲೇ ಸುಮಾರು 30 ಇಂಚು ಎತ್ತರ ಇರುತ್ತದೆ. ಅದರ ಮೇಲೆ 5-6 ಇಂಚಿನ ಸ್ಟ್ಯಾಂಡ್ ಇಟ್ಟರೆ ಕೆಳಗಿನ ಅಂತಸ್ತು ಮೊಣಕೈಗಿಂತ ಮೇಲೆ ಹೋಗುವುದಿಲ್ಲ. ಇನ್ನೂ ಎತ್ತರಿಸಿದರೆ ಕೈ ಎತ್ತಿ ಕೊಯ್ಯಬೇಕು, ಫೋಟೋದಲ್ಲಿ ಮುಖವೂ ಮುಚ್ಚಿಹೋಗುತ್ತದೆ.

ಮೊದಲು ಮನೆಯಲ್ಲಿ ಇದ್ದದ್ದನ್ನೇ ನೋಡಿದೆ. ಹಿತ್ತಾಳೆಯ ಉರುಳಿ ಪಾತ್ರೆ ಕವುಚಿ ಹಾಕಿದರೆ ತಳ ಗುಂಡಗೆ, ಅದಾಗದು. 10 ಇಂಚಿನ ಕೇಕ್ ಟಿನ್ ಕವುಚಿದರೆ ಪರವಾಗಿಲ್ಲ, ತಳ ಚಪ್ಪಟೆ. ಅವಸರ ಇದ್ದವರಿಗೆ ನಾನು ಇದನ್ನೇ ಹೇಳುವುದು: ಕವುಚಿದ ಟಿನ್, ಮೇಲೊಂದು ದಪ್ಪ ಪ್ಲೈವುಡ್ ವೃತ್ತ. ನಡುವೆ ಮಾತ್ರ ಸ್ಯಾಟಿನ್ ಬಟ್ಟೆ ಹಾಕಬೇಡಿ, ಜಾರುತ್ತದೆ. ಹಲಸಿನ ದಿಮ್ಮಿಯ ತುಂಡು ಇಡಬಹುದು ಅಂತ ಒಬ್ಬರು ಹೇಳಿದರು. ಹಸಿ ಮರ ಒಣಗುತ್ತಾ ಸೀಳುತ್ತದೆ, ಡೊಂಕಾಗುತ್ತದೆ. ಚೆನ್ನಾಗಿ ಒಣಗಿದ್ದು ನನಗೆ ಸಿಗಲಿಲ್ಲ.

ಕೊನೆಗೆ ಹತ್ತಿರದ ಮರಗೆಲಸದ ಆಚಾರಿಯವರ ಹತ್ತಿರ ಹೋದೆ. ಕಾಗದದಲ್ಲಿ ಗೀಚಿಕೊಂಡು ಹೋದ ಚಿತ್ರದಲ್ಲಿ ನಡುವೆ ಒಂದೇ ಕಂಬ ಇತ್ತು. ಅವರು ನೋಡಿ, "ಒಂದು ಕಂಬ ಯಾಕೆ ಮಾರಾಯ್ರೆ? ಅಂಚಿಗೆ ನಾಲ್ಕು ತುಂಡು ಕೊಡುವ. ಆಗ ಎಲ್ಲಿ ಒತ್ತಿದರೂ ಅಲುಗುದಿಲ್ಲ" ಅಂದರು. ಮೇಲೆ 16 ಇಂಚಿನ ವೃತ್ತ, ಕೆಳಗೆ 14 ಇಂಚಿನದು, ಎರಡೂ 18 ಮಿಲಿಮೀಟರ್ ಪ್ಲೈವುಡ್. ನಡುವೆ, ಅಂಚಿನ ಹತ್ತಿರ, 4 ಇಂಚು ಎತ್ತರದ ನಾಲ್ಕು ಮರದ ತುಂಡು. ಮೇಲಿಂದ ಸ್ಕ್ರೂ ಹೊಡೆದು ತಲೆಯನ್ನು ಒಳಕ್ಕೆ ಇಳಿಸಿದರು. ಅಂಚನ್ನು ಮರಳು ಕಾಗದದಲ್ಲಿ ನಾನೇ ಉಜ್ಜಿದೆ, ಬಿಳಿ ಪೇಂಟ್ ಹೊಡೆದೆ. ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿಗೆ ಇಟ್ಟೆ. ಇಲ್ಲಿ ಅವಸರ ಮಾಡಬಾರದು, ಐಸಿಂಗ್ ಪೇಂಟಿನ ವಾಸನೆ ಹಿಡಿಯುತ್ತದೆ. ಹೇಗೂ ಕೇಕು ನೇರ ಮರಕ್ಕೆ ತಾಗುವುದಿಲ್ಲ. ಫಾಯಿಲ್ ಸುತ್ತಿದ 14 ಇಂಚಿನ ಕೇಕ್ ಬೋರ್ಡಿನ ಮೇಲೆ ಕೂತಿರುತ್ತದೆ. ಬೋರ್ಡಿನ ಅಡಿಗೆ, ಸ್ಟ್ಯಾಂಡಿನ ಅಡಿಗೆ, ಎರಡು ಕಡೆಯೂ ಡ್ರಾಯರಿಗೆ ಹಾಸುವ ರಬ್ಬರ್ ಮ್ಯಾಟ್ ಕತ್ತರಿಸಿ ಹಾಕುತ್ತೇನೆ.

ಅಲಂಕಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ವೃತ್ತಗಳ ನಡುವಿನ ಸಂದಿಗೆ ಅಗಲದ ರಿಬ್ಬನ್, ಅದರ ಮೇಲೆ ಶಂಕರಪುರ ಮಲ್ಲಿಗೆ. ಮದುವೆ ಸೀಸನ್ನಿನಲ್ಲಿ ಅದರ ರೇಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಸಿಗದಿದ್ದರೆ ರಿಬ್ಬನ್ ಒಂದೇ ಸಾಕು. ಹೂವು ಕೇಕಿಗೆ ತಾಗದ ಹಾಗೆ ಕೆಳಗೇ ಕಟ್ಟಬೇಕು, ಅದರಲ್ಲಿ ಇರುವೆ ಇದ್ದರೂ ಇರಬಹುದು.

ಹಾಲ್‌ಗೆ ಹೋಗುವಾಗ ಸ್ಟ್ಯಾಂಡ್ ಬೇರೆ, ಕೇಕಿನ ಅಂತಸ್ತುಗಳೂ ಬೇರೆ ಬೇರೆ ಪೆಟ್ಟಿಗೆಯಲ್ಲಿ. ಜೋಡಿಸುವುದೆಲ್ಲ ಅಲ್ಲೇ. ಆಚಾರಿಯವರಿಂದ ಮಟ್ಟ ಸರಿ ಇದೆಯಾ ಅಂತ ಗುಳ್ಳೆಯಿಂದ ತೋರಿಸುವ ಒಂದು ಸಣ್ಣ ರಸಮಟ್ಟ ಕೇಳಿ ತಂದಿದ್ದೆ, ಈಗ ನನ್ನದೇ ಒಂದಿದೆ. ಸ್ಟ್ಯಾಂಡ್ ಎಷ್ಟೇ ಗಟ್ಟಿ ಇರಲಿ, ಮಡಚುವ ಟೇಬಲ್ಲಿನ ಒಂದು ಕಾಲು ನೆಲಕ್ಕೆ ತಾಗದಿದ್ದರೆ ಮುಗಿಯಿತು. ಕಾಲಿನ ಅಡಿಗೆ ರಟ್ಟು ಕೊಟ್ಟು, ಗುಳ್ಳೆ ನಡುವಿಗೆ ಬಂದ ಮೇಲೇ ಕೇಕು ಇಡುತ್ತೇನೆ. ಮಡಚುವ ಕೊಂಡಿ ಸರಿಯಾಗಿ ಕೂತಿದೆಯಾ ಅಂತ ಬಗ್ಗಿ ನೋಡುವುದೂ ಉಂಟು. ಟೇಬಲ್ಲನ್ನು ಗೋಡೆಯಿಂದ ಸ್ವಲ್ಪ ಮುಂದೆ, ಬಡಿಸುವವರು ಓಡಾಡುವ ದಾರಿಯಿಂದ ದೂರ ಹಾಕಿಸುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೆ ಫೋಟೋಗ್ರಾಫರ್ ಬಂದು "ಮೇಡಂ, ಕೇಕ್ ಸ್ವಲ್ಪ ಈಚೆ ತಿರುಗಿಸ್ಲಾ?" ಅಂತ ಕೇಳಿಯೇ ಕೇಳುತ್ತಾರೆ. ಬೇಡ, ಕ್ಯಾಮೆರಾ ಆಚೆ ಹೋಗಲಿ ಅನ್ನುತ್ತೇನೆ.