ಸೊರೊರಿಟಿ ರಿಕ್ರೂಟ್‌ಮೆಂಟ್, ಬಿಡ್ ಮ್ಯಾಚಿಂಗ್: ಎರಡೂ ಕಡೆ ನಿಂತು ನೋಡಿದ ನನ್ನ ಅನುಭವ

ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಆಂಟಿಯರಿಗೆ ಆಗಸ್ಟ್ ಬಂತು ಅಂದ್ರೆ ಒಂದೇ ಚಿಂತೆ, ಮಗಳು ಕಾಲೇಜಿಗೆ ಹೋಗಿ ರಶ್ ಮಾಡ್ತೀನಿ ಅಂತಿದಾಳೆ, ಏನಮ್ಮ ಅದು, ರ‍್ಯಾಗಿಂಗ್ ಥರನಾ ಅಂತ. ಸೊರೊರಿಟಿ ಅಂದ್ರೆ ಕಾಲೇಜು ಹುಡುಗೀರ ಸಂಘ, ಅದನ್ನೇ ಹೌಸ್ ಅಂತಾರೆ; ರಶ್ ಅಂದ್ರೆ ಅದಕ್ಕೆ ಹೊಸಬರನ್ನ ಸೇರಿಸ್ಕೊಳ್ಳೋ ರಿಕ್ರೂಟ್‌ಮೆಂಟು, ಬಿಡ್ ಅಂದ್ರೆ ಬಂದು ಸೇರು ಅನ್ನೋ ಆಹ್ವಾನ. 2021ರಲ್ಲಿ ಅಲಬಾಮ ಯೂನಿವರ್ಸಿಟಿ ಹುಡುಗೀರ ಟಿಕ್‌ಟಾಕ್ ವಿಡಿಯೋಗಳು ಓಡಿದ ಮೇಲಂತೂ ಎಲ್ಲರೂ ಇದನ್ನ ಬರೀ ಡ್ರೆಸ್ಸು, ಮೇಕಪ್ಪು ಅಂದ್ಕೊಂಡಿದಾರೆ. ನಾನು ಮಿಡ್‌ವೆಸ್ಟಿನ ಒಂದು ದೊಡ್ಡ ಸ್ಟೇಟ್ ಯೂನಿವರ್ಸಿಟಿಲಿ ಓದಿದ್ದು, ಮೊದಲನೇ ವರ್ಷ ನಾನೇ ಹೊಸಬಳಾಗಿ ಮನೆ ಮನೆ ಸುತ್ತಿದೆ, ಆಮೇಲೆ ನಮ್ಮ ಹೌಸಿನ ಕಡೆಯಿಂದ ಹೊಸಬರನ್ನ ಮಾತಾಡಿಸ್ದೆ, ಕೊನೆಗೆ ರೋ ಗಾಮಾ ಆದೆ, ಅಂದ್ರೆ ಹೊಸ ಹುಡುಗೀರಿಗೆ ದಾರಿ ಹೇಳೋ ಕೌನ್ಸೆಲರ್. ಹಾಗಾಗಿ ಒಳಗೆ ಏನು ನಡೆಯತ್ತೆ ಅಂತ ಸ್ವಲ್ಪ ಗೊತ್ತು.

ನಾನು ಹೇಳ್ತಿರೋದು ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಅಡಿ ಬರೋ 26 ಸೊರೊರಿಟಿಗಳ ವಿಷಯ, 1902ರಿಂದ ಇರೋ ಒಕ್ಕೂಟ ಅದು. ದೇಸಿ ಹುಡುಗೀರು ಕಟ್ಟಿದ ಸೊರೊರಿಟಿಗಳೂ ಇವೆ, 1998ರಲ್ಲಿ ಹ್ಯೂಸ್ಟನ್ನಲ್ಲಿ ಶುರುವಾದ ಡೆಲ್ಟಾ ಫೈ ಒಮೇಗಾ ಥರದ್ದು, ಆದ್ರೆ ಅವರು ಸೇರಿಸಿಕೊಳ್ಳೋ ರೀತಿನೇ ಬೇರೆ, ಎರಡೂ ಕಡೆಯವರ ಪಟ್ಟಿ ನೋಡಿ ಕಂಪ್ಯೂಟರ್ ಜೋಡಿಸೋ ಈ ಮ್ಯಾಚಿಂಗ್ ಗಲಾಟೆ ಅಲ್ಲಿಲ್ಲ.

ಮೊದಲ ರೌಂಡಲ್ಲಿ ಕ್ಯಾಂಪಸ್ಸಿನ ಎಲ್ಲಾ ಹೌಸಿಗೂ ಹೋಗ್ಬೇಕು. ಬಾಗಿಲು ತೆಗೆದ ತಕ್ಷಣ ಒಳಗಿಂದ ಎಲ್ಲರೂ ಒಟ್ಟಿಗೆ ಕಿರುಚಿ ಹಾಡ್ತಾರೆ, ಒಬ್ಬಳು ಬಂದು ಕರ್ಕೊಂಡು ಹೋಗಿ ಮಾತಾಡಿಸ್ತಾಳೆ, ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಬಂದು ಅವಳ ಜಾಗಕ್ಕೆ ಸೇರ್ಕೋತಾಳೆ, ಮೇಜರ್ ಏನು, ಯಾವ ಊರು ಅಂತ ಅದೇ ಪ್ರಶ್ನೆ ಮತ್ತೆ. ನಾನು ಬೇಜಾರಾಗಿ ಮನೇಲಿ ನವರಾತ್ರಿಗೆ ಗೊಂಬೆ ಕೂರಿಸೋದರ ಬಗ್ಗೆ ಶುರು ಮಾಡ್ಕೊಂಡೆ, ಎದುರಿಗಿದ್ದೋಳು ಪಟ್ಟದ ಗೊಂಬೆ ಫೋಟೋ ತೋರಿಸು ಅಂದ್ಲು, ಅದೇ ಹೌಸಿಗೆ ಆಮೇಲೆ ಸೇರಿದ್ದು. ನಾವು ಹೊರಟ ಮೇಲೆ ಅವರು ಕೂತು ನಂಬರ್ ಹಾಕ್ತಾರೆ, ಇದು ಗುಟ್ಟೇನಲ್ಲ, ನಾನೂ ಹಾಕಿದೀನಿ. ಜಿಪಿಎ ಕಮ್ಮಿ ಇದ್ರೆ ಎಷ್ಟೋ ಹೌಸಲ್ಲಿ ನಂಬರ್ ಹಾಕೋಕೂ ಮುಂಚೆನೇ ಹೆಸರು ಹೋಗಿರತ್ತೆ.

ಇಲ್ಲಿಂದ ಅಳು ಶುರು. ಎರಡನೇ ರೌಂಡಿನ ಬೆಳಿಗ್ಗೆ ನಮ್ಮನ್ನ ವಾಪಸ್ ಕರೆದ ಹೌಸುಗಳ ಲಿಸ್ಟ್ ಬಂದಾಗ ಚೆನ್ನಾಗಿ ಮಾತಾಡಿದ ಹೌಸೇ ಇರಲ್ಲ. ಎಷ್ಟು ಜನರನ್ನ ವಾಪಸ್ ಕರೀಬೇಕು ಅನ್ನೋದು ಹೌಸಿನ ಇಷ್ಟ ಅಲ್ಲ ಅಂತ ನನಗೆ ಗೊತ್ತಾಗಿದ್ದು ಕೌನ್ಸೆಲರ್ ಟ್ರೈನಿಂಗಲ್ಲಿ. ರಿಲೀಸ್ ಫಿಗರ್ ಅಂತ ಒಂದು ಲೆಕ್ಕ ಇದೆ, ಹಿಂದಿನ ವರ್ಷಗಳಲ್ಲಿ ಒಂದು ಹೌಸ್ ಕರೆದವರಲ್ಲಿ ಎಷ್ಟು ಜನ ಬಂದ್ರು ಅಂತ ನೋಡಿ ಈ ವರ್ಷ ಎಷ್ಟು ಜನರನ್ನ ಕರೀಬಹುದು ಅಂತ ಸಂಖ್ಯೆ ಕೊಡ್ತಾರೆ. ಕರೆದವರೆಲ್ಲ ಬರೋ ಜನಪ್ರಿಯ ಹೌಸು ಮೊದಲ ದಿನಾನೇ ತುಂಬಾ ಜನರನ್ನ ಬಿಡಲೇಬೇಕು, ಅಷ್ಟು ಜನ ಬರದೇ ಇರೋ ಹೌಸು ಜಾಸ್ತಿ ಜನರನ್ನ ಕರೆಯತ್ತೆ. ನೋಡೋಕೆ ಕ್ರೂರ, ಆದ್ರೆ ನನ್ನ ಪ್ರಕಾರ ಇದೇ ಸರಿ, ಇಲ್ದಿದ್ರೆ ಕೊನೇ ದಿನದವರೆಗೂ ಆಸೆ ಇಟ್ಕೊಂಡು ಆಮೇಲೆ ಎಲ್ಲೂ ಇಲ್ಲ ಅಂತಾಗೋರೇ ಜಾಸ್ತಿ ಆಗ್ತಿದ್ರು.

ಕೊನೇ ರೌಂಡು ಪ್ರಿಫರೆನ್ಸ್, ಸಾಮಾನ್ಯವಾಗಿ ಎರಡೇ ಹೌಸು. ಮುಗಿದ ತಕ್ಷಣ ಯಾರ ಹತ್ರಾನೂ ಮಾತಾಡದೆ ಬಂದು ಒಂದು, ಎರಡು ಅಂತ ಕ್ರಮ ಹಾಕಿ ಸೈನ್ ಮಾಡ್ಬೇಕು. ರೋ ಗಾಮಾ ಆದಾಗ ನನಗೆ ಕೆಲಸ ಇದ್ದಿದ್ದೇ ಇಲ್ಲಿ. ನಾನು ಯಾವ ಹೌಸಿನವಳು ಅಂತ ಅವರಿಗೆ ಗೊತ್ತಾಗಬಾರದು ಅಂತ ಲ್ಯಾಪ್‌ಟಾಪಿನ ಸ್ಟಿಕ್ಕರ್ ಸಮೇತ ಕಿತ್ತು, ಇನ್‌ಸ್ಟಾ ಮುಚ್ಚಿ, ನಮ್ಮ ಹೌಸಿನವರು ಎದುರು ಸಿಕ್ಕಿದ್ರೂ ಮಾತಾಡ್ಸದೆ ಓಡಾಡ್ತಿದ್ದೆ. ಹುಡುಗೀರು ಬಂದು ಕೇಳೋದು ಒಂದೇ, ಅಕ್ಕ, ಒಂದನ್ನೇ ಬರೆದ್ರೆ ಅವರಿಗೆ ನಾನು ಸೀರಿಯಸ್ ಅಂತ ಗೊತ್ತಾಗಲ್ವಾ? (ಅಕ್ಕ ಅಂದಿದ್ದು ಒಬ್ಬ ತೆಲುಗು ಹುಡುಗಿ ಮಾತ್ರ, ಮಿಕ್ಕವರು ಹೆಸರು ಹಿಡಿದೇ ಕರೀತಿದ್ದಿದ್ದು.) ಗೊತ್ತಾಗಲ್ಲ. ನಿನ್ನ ಕ್ರಮ ಹೌಸಿಗೆ ಕಾಣಲ್ಲ, ಅವರ ಪಟ್ಟಿ ನಿನಗೆ ಕಾಣಲ್ಲ.

ಸಿಇಟಿ ಆಪ್ಷನ್ ಎಂಟ್ರಿ ಮಾಡಿದವರಿಗೆ ಇದು ಬೇಗ ಅರ್ಥ ಆಗತ್ತೆ, ವ್ಯತ್ಯಾಸ ಅಂದ್ರೆ ಇಲ್ಲಿ ಹೌಸೂ ನಿಮಗೆ ತನ್ನದೇ ರ‍್ಯಾಂಕ್ ಕೊಡತ್ತೆ, ಮಾಕ್ ಅಲಾಟ್‌ಮೆಂಟೂ ಇಲ್ಲ. ಕೋಟಾ, ಅಂದ್ರೆ ಒಂದು ಹೌಸು ಸೇರಿಸ್ಕೊಳ್ಳಬಹುದಾದ ಹೊಸಬರ ಸಂಖ್ಯೆ, 50 ಅಂತಿಟ್ಕೊಳ್ಳಿ, ಎಲ್ಲಾ ಹೌಸಿಗೂ ಅಷ್ಟೇ. ನಿಮ್ಮ ಮೊದಲ ಆಯ್ಕೆ ಹೌಸಿನ ಪಟ್ಟಿಲಿ ನೀವು 55ನೇ ಹೆಸರು, ಎರಡನೇದರಲ್ಲಿ 30ನೇದು. ಕಂಪ್ಯೂಟರ್ ನಿಮ್ಮನ್ನ ತಕ್ಷಣ ಎರಡನೇದಕ್ಕೆ ತಳ್ಳಲ್ಲ, ಕಾಯಿಸತ್ತೆ. ಮೇಲಿನ 54 ಜನರಲ್ಲಿ ಐದು ಜನ ತಮಗೆ ಇನ್ನೂ ಇಷ್ಟವಾದ ಬೇರೆ ಹೌಸಿಗೆ ಹೋದ್ರೆ ಪಟ್ಟಿ ಮೇಲೆ ಸರಿದು ನೀವು 50ರ ಒಳಗೆ ಬರ್ತೀರ, ಮೊದಲ ಆಯ್ಕೆನೇ ಸಿಗತ್ತೆ, ಹೋಗದಿದ್ರೆ ಎರಡನೇದು. ಒಂದನ್ನೇ ಬರೆದಿದ್ರೆ ಆ ಎರಡನೇದೂ ಇಲ್ಲ. ಇನ್ನೊಂದು ವಿಷಯ, ಸಿಕ್ಕಿದ್ದನ್ನೆಲ್ಲ ಅಟೆಂಡ್ ಮಾಡಿ, ಎರಡನ್ನೂ ಬರೆದೂ ಮ್ಯಾಚ್ ಆಗದೇ ಇದ್ರೆ ಕೋಟಾ ಮೇಲೆ ಒಂದು ಜಾಗ ಸೇರಿಸಿ ಕೊಡೋ ಪದ್ಧತಿ ಇದೆ, ಒಂದನ್ನೇ ಬರೆದವರಿಗೆ ಅದು ಅನ್ವಯಿಸಲ್ಲ. ಅರ್ಥಶಾಸ್ತ್ರದವರೂ ಇದನ್ನ ಬಿಟ್ಟಿಲ್ಲ, 2012ರಲ್ಲಿ ನೊಬೆಲ್ ಬಂತಲ್ಲ ಆಲ್ವಿನ್ ರಾತ್, ಅವರು 1991ರಲ್ಲೇ ಸೂಸನ್ ಮಾಂಜೆಲ್ ಜೊತೆ ಸೊರೊರಿಟಿ ಮ್ಯಾಚಿಂಗ್ ಮೇಲೆ ಪೇಪರ್ ಬರೆದಿದ್ರು.

ಬಿಡ್ ಡೇ ದಿನ ಎಲ್ಲರೂ ಒಟ್ಟಿಗೆ ಕವರ್ ಒಡೆದು ಓಡ್ತಾರೆ, ವಿಡಿಯೋಗಳಲ್ಲಿ ನೋಡಿರ್ತೀರ. ಏನೂ ಸಿಗದವರಿಗೆ ಅದಕ್ಕೂ ಮುಂಚೆ ಫೋನ್ ಮಾಡಬೇಕಾದೋಳು ನಾನೇ, ಅದು ಮಾತ್ರ ಯಾವ ಟ್ರೈನಿಂಗಲ್ಲೂ ಬರಲ್ಲ. ಅವರಿಗೆ ಹೇಳ್ತಿದ್ದಿದ್ದು ಇಷ್ಟೇ, ಕೋಟಾ ತುಂಬದ ಹೌಸುಗಳು ಅವತ್ತೇ ಸ್ನ್ಯಾಪ್ ಬಿಡ್, ಅಂದ್ರೆ ಮ್ಯಾಚಿಂಗ್ ಇಲ್ದೆ ನೇರ ಆಹ್ವಾನ, ಕೊಡಬಹುದು, ಆಮೇಲೂ ಜಾಗ ಇರೋ ಕಡೆ ಸೆಮಿಸ್ಟರ್ ಪೂರ್ತಿ ಹಾಡು ಕುಣಿತ ಏನಿಲ್ದೆ ಕಾಫಿಗೆ ಕರೆದು ಸೇರಿಸ್ಕೋತಾರೆ, ನಮ್ಮ ಹೌಸಲ್ಲಿ ಟ್ರೆಷರರ್ ಆದೋಳು ಹಾಗೇ ಬಂದೋಳು.

ದುಡ್ಡಿನ ವಿಷಯ ಆಂಟಿಯರು ಕೊನೆಗೆ ಮೆಲ್ಲಗೆ ಕೇಳ್ತಾರೆ. ಹೌಸಿಂದ ಹೌಸಿಗೆ ತುಂಬಾ ವ್ಯತ್ಯಾಸ ಇದೆ, ಮೊದಲ ವರ್ಷ ಹೊಸ ಸದಸ್ಯರ ಫೀಸ್ ಸೇರಿ ಜಾಸ್ತಿನೇ ಆಗತ್ತೆ. ಮಗಳು ಪ್ರಿಫರೆನ್ಸ್ ಆದ್ಮೇಲೆ ಸೈನ್ ಮಾಡೋ ಆ ಕಾಗದ ಬೈಂಡಿಂಗ್, ಬರೆದ ಹೌಸು ಬಿಡ್ ಕೊಟ್ಟು ಇವಳು ಬೇಡ ಅಂದ್ರೆ ಆ ಕ್ಯಾಂಪಸಲ್ಲಿ ಮುಂದಿನ ವರ್ಷದ ರಿಕ್ರೂಟ್‌ಮೆಂಟ್ ತನಕ ಪ್ಯಾನ್‌ಹೆಲೆನಿಕ್‌ನ ಬೇರೆ ಯಾವ ಹೌಸಿಗೂ ಸೇರೋ ಹಾಗಿಲ್ಲ. ಅದಕ್ಕೇ ಫೀಸ್ ಎಷ್ಟು, ಹೌಸಲ್ಲೇ ಇರಬೇಕಾ, ಎಷ್ಟು ವರ್ಷ, ಊಟದ ಖರ್ಚು ಇದರಲ್ಲೇ ಬರತ್ತಾ, ಇಷ್ಟನ್ನೂ ಪ್ರಿಫರೆನ್ಸಿಗೆ ಮುಂಚಿನ ರೌಂಡುಗಳಲ್ಲೇ ಕೇಳು ಅಂತ ಮಗಳಿಗೆ ಹೇಳಿ ಕಳ್ಸಿ ಆಂಟಿ, ಯಾರೂ ಏನೂ ಅಂದ್ಕೊಳ್ಳಲ್ಲ.