ಅಮೆರಿಕಾ ದೂರವನ್ನು ರೇಷ್ಮೆ ದಾರದಲ್ಲಿ ಅಳೆದೆ

ಮಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಟಿಕೆಟ್ ಕಳಿಸಿದ್ದಳು. ಬೆಂಗಳೂರು ಬಿಡುವುದು ಮಧ್ಯಾಹ್ನ 2, ಅಲ್ಲಿ ಇಳಿಯುವುದು ಅದೇ ದಿನ ಸಂಜೆ 5. ನಮ್ಮ ಮನೆಯವರು ನೋಡಿ, "ಮೂರೇ ಗಂಟೇನಾ ರೀ? ತಿರುಪತಿಗೆ ಹೋಗೋಕೇ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ!" ಅಂದರು.

ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಗಡಿಯಾರದ ಟೈಮು. ಚಳಿಗಾಲದಲ್ಲಿ ಅವರು ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಮೂರಕ್ಕೆ ಅದನ್ನು ಕೂಡಿಸಿದರೆ ಹದಿನಾರೂವರೆ ಗಂಟೆ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಆಗ 12:30 ಕೂಡಿಸಬೇಕು.

ಸರಿ, ದೂರ ಎಷ್ಟು? ಗೋಡೆಯ ಭೂಪಟ ನೋಡಿದರೆ ಜಪಾನ್ ಕಡೆಯಿಂದ ಸಮುದ್ರ ದಾಟಿ ನೆಟ್ಟಗೆ ಹೋಗಬೇಕು ಅನ್ನಿಸುತ್ತೆ. ಮೋಸ ಹೋಗುವುದು ಅಲ್ಲೇ. ಮಗ ಸ್ಕೂಲಿಗೆ ಹೋಗುವಾಗ ತಂದಿದ್ದ ಗ್ಲೋಬ್ ಅಟ್ಟದಿಂದ ಇಳಿಸಿದೆ. ಶಿಡ್ಲಘಟ್ಟದ ರೀಲರ್ (ಗೂಡಿನಿಂದ ರೇಷ್ಮೆ ಎಳೆ ತೆಗೆಯುವವರು) ಮನೆಯಲ್ಲಿ ದಾರಕ್ಕೇನು ಬರ? ಹುರಿ ಮಾಡಿದ ರೇಷ್ಮೆ ಎಳೆ ತಗೊಂಡು ಮೊದಲು ಸಮಭಾಜಕ ವೃತ್ತಕ್ಕೆ ಸುತ್ತಿದೆ. 96 ಸೆಂಟಿಮೀಟರ್ ಬಂತು. ನಿಜವಾದ ಭೂಮಿಯ ಸುತ್ತಳತೆ 40,000 ಕಿಲೋಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 417.

ಆಮೇಲೆ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆದೆ. ದಾರ ಜಪಾನ್ ಕಡೆಯಿಂದ ತಾನಾಗೇ ಜಾರಿ ಮೇಲೆ ಹೋಯಿತು! ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಆರ್ಕ್ಟಿಕ್ ಅಂಚು, ಅಲಾಸ್ಕಾ, ಅಲ್ಲಿಂದ ಕೆಳಕ್ಕೆ. ಉದ್ದ 33 ಸೆಂಟಿಮೀಟರ್ ಚಿಲ್ಲರೆ, ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 14,000 ಕಿಲೋಮೀಟರ್. ಭೂಪಟದ ನೆಟ್ಟನೆ ದಾರಿಯನ್ನೇ ಗ್ಲೋಬ್ ಮೇಲೆ ಹಿಡಿದು ಅಳೆದರೆ 16,000 ದಾಟಿತು.

ವಿಮಾನದ ವೇಗ ಗಂಟೆಗೆ 900 ಅಂದುಕೊಂಡರೆ ಹದಿನೈದೂವರೆ ಗಂಟೆ. ಏರುವಾಗ, ಇಳಿಯುವಾಗ ನಿಧಾನ ಬೇರೆ. ಲೆಕ್ಕ ಕೂಡಿತು. ಪೈಲಟ್‌ಗಳು ದಾರದ ದಾರಿಯಲ್ಲೇ ಹೋಗುತ್ತಾರೆ ಅಂತಿಲ್ಲ, ಗಾಳಿ ನೋಡಿ ಬದಲಾಯಿಸುತ್ತಾರೆ. 2021ರ ಜನವರಿಯಲ್ಲಿ ಆ ಊರಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದರು.

ದುಬೈ ಮೇಲೆ ಹೋದರೆ? ಅದನ್ನೂ ಅಳೆದೆ. ಎರಡು ತುಂಡು ಸೇರಿ 15,700ರ ಆಸುಪಾಸು. ಹಾರಾಟ ಎರಡು ಗಂಟೆ ಜಾಸ್ತಿ ಅಷ್ಟೇ, ಮಿಕ್ಕಿದ್ದೆಲ್ಲ ಏರ್‌ಪೋರ್ಟ್‌ನಲ್ಲಿ ಕಾಯೋದು.

ಸುಮ್ನೆ ಇನ್ನೊಂದು ಲೆಕ್ಕ. ಒಳ್ಳೆ ಬೈವೋಲ್ಟಿನ್ (ವರ್ಷಕ್ಕೆ ಎರಡು ಪೀಳಿಗೆ ಬರುವ ರೇಷ್ಮೆ ಹುಳುವಿನ ತಳಿ) ಗೂಡಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ ಇರುತ್ತೆ. ಮಗಳ ಮನೆ ಮುಟ್ಟೋಕೆ 14,000 ಗೂಡು, ತೂಕದಲ್ಲಿ ಕಾಲು ಕ್ವಿಂಟಲ್‌ನಷ್ಟು. ಅಷ್ಟೇ ಸಾಕಲ್ವಾ?

ಇಳಿದ ತಕ್ಷಣ ತಮ್ಮನಿಗೆ ಫೋನ್ ಮಾಡಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಂಜೆ ಐದು. "ಬೆಳಿಗ್ಗೆ ಆರೂವರೆ ಆಯ್ತಣ್ಣ," ಅಂದ, "ಗೂಡು ಬೇಯಿಸೋಕೆ ನೀರಿಟ್ಟಿದ್ದೀನಿ."